ಪ್ರವೇಶ ಸಿಕ್ಕ ಮೇಲೆ ಏನು? ವಿಕಲಚೇತನ ಯುವಜನರ ಸಮನ್ವಯ ಕಾಲೇಜು ಶಿಕ್ಷಣ ಕುರಿತ ಅಧ್ಯಯನ ಟಿಪ್ಪಣಿ

ವಿಶೇಷ ಶಿಕ್ಷಣವನ್ನೋ ಸಮಾಜಕಾರ್ಯವನ್ನೋ ಓದುತ್ತಿರುವ ಶಿವಮೊಗ್ಗ ಸೀಮೆಯ ಸಹಪಾಠಿಗಳಿಗಾಗಿ ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ಸಮನ್ವಯ ಶಿಕ್ಷಣ ಎಂದೊಡನೆ ನಾವು ಶಾಲೆಯನ್ನೇ ನೆನೆಯುತ್ತೇವೆ. ಹದಿನೆಂಟು ದಾಟಿದವರ ಓದಿನ ಬಗ್ಗೆ ನಮ್ಮ ತರಗತಿಗಳಲ್ಲಿ ಚರ್ಚೆ ಕಡಿಮೆ, ಆದ್ದರಿಂದ ಇಲ್ಲಿ ಕಾಲೇಜನ್ನಷ್ಟೇ ಎತ್ತಿಕೊಂಡಿದ್ದೇನೆ.

ಮೊದಲು ವ್ಯಾಖ್ಯೆಯನ್ನು ನೋಡೋಣ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಎರಡನೆಯ ಕಲಂ ಹೇಳುವ ಸಮನ್ವಯ ಶಿಕ್ಷಣದಲ್ಲಿ ಎರಡು ಅಂಶಗಳಿವೆ: ವಿಕಲತೆ ಇರುವ ಮತ್ತು ಇಲ್ಲದ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯುವುದು ಒಂದು, ಬೋಧನೆ ಮತ್ತು ಕಲಿಕೆಯ ವ್ಯವಸ್ಥೆಯನ್ನು ಅವರ ಅಗತ್ಯಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ನಡೆದು ಎರಡನೆಯದು ನಡೆಯದಿದ್ದರೆ ವಿದ್ಯಾರ್ಥಿ ಕೊಠಡಿಯಲ್ಲಿ ಕುಳಿತಿರುತ್ತಾನೆ, ಪಾಠ ಮಾತ್ರ ಅವನನ್ನು ತಲುಪಿರುವುದಿಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ನಮ್ಮಲ್ಲಿ ಹೆಚ್ಚಿನವರು ಕೈಬಿಡುವುದು ಈ ಎರಡನೆಯ ಅಂಶವನ್ನೇ, ಕಾಲೇಜುಗಳು ಕೈಬಿಡುವುದೂ ಅದನ್ನೇ.

ಇದೇ ಅಧಿನಿಯಮದ 32ನೆಯ ಕಲಂ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಡಬೇಕೆಂದೂ ಗರಿಷ್ಠ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಕೊಡಬೇಕೆಂದೂ ಹೇಳುತ್ತದೆ. ಈ ಮೀಸಲಾತಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ದೃಢಪಟ್ಟವರಿಗೆ ಅನ್ವಯಿಸುತ್ತದೆ. ಇದಕ್ಕೆ ಮೊದಲಿದ್ದ 1995ರ ಕಾಯ್ದೆಯಲ್ಲಿ 7 ಬಗೆಯ ವಿಕಲತೆಗಳಿದ್ದವು, ಈಗ 21 ಇವೆ. ಆದರೆ ಶೇ. 40ರ ಗೆರೆ ಮೀಸಲಾತಿಗೇ ಹೊರತು ಎಲ್ಲ ನೆರವಿಗೂ ಅಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಆ ಗೆರೆಯ ಕಾರಣ ಹೇಳಿ ಸ್ಕ್ರೈಬ್ (ಅಭ್ಯರ್ಥಿ ಹೇಳಿದ ಉತ್ತರವನ್ನು ಬರೆದುಕೊಡುವವರು) ನಿರಾಕರಿಸುವುದು ಸರಿಯಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಪ್ರಮಾಣಪತ್ರದಲ್ಲಿ ಶೇ. 30 ಎಂದಿರುವ ವಿದ್ಯಾರ್ಥಿಯನ್ನು ಕಾಲೇಜಿನ ಕಚೇರಿಯಿಂದ ಹಿಂದೆ ಕಳಿಸುವುದನ್ನು ಕಂಡರೆ ಈ ತೀರ್ಪನ್ನು ನೆನಪಿಸಿ.

ಈಗ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳಾಗಿರುವ ವ್ಯತ್ಯಾಸಕ್ಕೆ ಬರುತ್ತೇನೆ. ಹೊಂದಾಣಿಕೆ ಬೇರೆ, ಮಾರ್ಪಾಡು ಬೇರೆ. ಇತಿಹಾಸ ಓದುತ್ತಿರುವ ದೃಷ್ಟಿದೋಷವಿರುವ ವಿದ್ಯಾರ್ಥಿನಿ ಸ್ಕ್ರೈಬ್ ಸಹಾಯದಿಂದ ಪರೀಕ್ಷೆ ಬರೆದರೆ, ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷದ ಲೆಕ್ಕದಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಪ್ರಶ್ನೆಗಳೂ ಮೌಲ್ಯಮಾಪನವೂ ಎಲ್ಲರಿಗೂ ಇರುವಂಥವೇ. ಇದು ಹೊಂದಾಣಿಕೆ: ದಾರಿ ಬದಲಾಗುತ್ತದೆ, ತಲುಪಬೇಕಾದ ಜಾಗ ಬದಲಾಗುವುದಿಲ್ಲ. ಬೌದ್ಧಿಕ ವಿಕಲತೆಯಿರುವ ಯುವಕನೊಬ್ಬ ಅದೇ ತರಗತಿಯಲ್ಲಿ ಕುಳಿತು, ಕೆಳದಿ ಅರಸರ ಬಗ್ಗೆ ಐದು ಮುಖ್ಯ ಸಂಗತಿಗಳನ್ನು ಚಿತ್ರಗಳ ಸಹಾಯದಿಂದ ಹೇಳುವುದನ್ನು ತನ್ನ ಗುರಿಯಾಗಿ ಇಟ್ಟುಕೊಂಡರೆ ಅದು ಮಾರ್ಪಾಡು, ಏಕೆಂದರೆ ಗುರಿಯೇ ಬದಲಾಗಿದೆ. ನಮ್ಮ ಪದವಿ ವ್ಯವಸ್ಥೆ ಹೊಂದಾಣಿಕೆಯನ್ನು ಕಾಗದದ ಮೇಲಾದರೂ ಒಪ್ಪಿಕೊಂಡಿದೆ. ಮಾರ್ಪಾಡಿಗೆ ಅದರಲ್ಲಿ ಜಾಗವಿಲ್ಲ.

ಈ ಜಾಗವನ್ನು ಬೇರೆಡೆ ಹೇಗೆ ಮಾಡಿದ್ದಾರೆಂಬುದನ್ನು ಅಭ್ಯಾಸ ಮಾಡಬೇಕು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1987ರಿಂದಲೇ ಬೌದ್ಧಿಕ ವಿಕಲತೆಯಿರುವ ಯುವಜನರು ಸಾಮಾನ್ಯ ತರಗತಿಗಳಲ್ಲಿ ಕುಳಿತು ಕಲಿಯುವ ಕಾರ್ಯಕ್ರಮವಿದೆ. ಅದೇ ವರ್ಷ ನಮ್ಮಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಯಿತೆಂದು ನೆನೆದರೆ ಕಾಲದ ಅಂದಾಜು ಸಿಗುತ್ತದೆ. ಅಮೆರಿಕವು 2008ರ ಉನ್ನತ ಶಿಕ್ಷಣ ಕಾಯ್ದೆಯಲ್ಲಿ ಇಂಥ ಕಾರ್ಯಕ್ರಮಗಳಿಗೆ ಅವಕಾಶ ಕಲ್ಪಿಸಿ, 2010ರಿಂದ ಕಾಲೇಜುಗಳಿಗೆ ಅನುದಾನ ಕೊಡತೊಡಗಿತು. ಅಲ್ಲಿ ಮಾನ್ಯತೆ ಪಡೆದ ಕಾರ್ಯಕ್ರಮಕ್ಕೆ ಸೇರಿದ ವಿದ್ಯಾರ್ಥಿಯ ಬಳಿ ಪ್ರೌಢಶಾಲೆಯ ಪೂರ್ಣ ಪ್ರಮಾಣಪತ್ರ ಇಲ್ಲದಿದ್ದರೂ, ಉಳಿದ ಷರತ್ತುಗಳನ್ನು ಪೂರೈಸಿದರೆ ಸರ್ಕಾರದ ವಿದ್ಯಾರ್ಥಿ ನೆರವು ಸಿಗುತ್ತದೆ. ಆದರೆ ಕಾರ್ಯಕ್ರಮದ ಕನಿಷ್ಠ ಅರ್ಧಭಾಗ ವಿಕಲತೆಯಿಲ್ಲದ ವಿದ್ಯಾರ್ಥಿಗಳ ಜೊತೆಯಲ್ಲೇ, ತರಗತಿಯಲ್ಲಿ ಅಥವಾ ಕೆಲಸದ ತರಬೇತಿಯಲ್ಲಿ, ನಡೆಯಬೇಕು. ಈ ಷರತ್ತು ಬಹಳ ಮುಖ್ಯವೆಂದು ನಾನು ಭಾವಿಸುತ್ತೇನೆ. ಅದಿಲ್ಲದೆ ಹೋದರೆ ಕಾಲೇಜಿನ ಹಿಂಬದಿಯ ಕೊಠಡಿಯೊಂದರಲ್ಲಿ ಇನ್ನೊಂದು ವಿಶೇಷ ಶಾಲೆ ತೆರೆದಂತಾಗುತ್ತದೆ.

ಮಲೆನಾಡಿನಲ್ಲಿ ಈ ವಿಷಯವನ್ನು ಓದುವವರು ಮಳೆಯನ್ನು ಬಿಟ್ಟು ಓದುವಂತಿಲ್ಲ. ನಮ್ಮ ಶೈಕ್ಷಣಿಕ ವರ್ಷ ಆರಂಭವಾಗುವುದೇ ಮುಂಗಾರಿನ ನಡುವೆ. ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟುತ್ತದೆ, ಊರುಗೋಲು ಜಾರುತ್ತದೆ. ಇಳಿಜಾರಿನಲ್ಲಿ ಕಟ್ಟಿದ ಕಟ್ಟಡದ ರ‍್ಯಾಂಪ್ ತೆರೆದ ಮಳೆಗೆ ಸಿಕ್ಕಿದ್ದರೆ ಗಾಲಿಕುರ್ಚಿಗೆ ಅದು ಇದ್ದೂ ಇಲ್ಲದಂತೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಉಪನ್ಯಾಸಕರ ದನಿ ಎಲ್ಲರಿಗೂ ಕ್ಷೀಣಿಸುತ್ತದೆ. ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವ ವಿದ್ಯಾರ್ಥಿಗೆ ಅದೇ ಹೊತ್ತಿನಲ್ಲಿ ಕರೆಂಟ್ ಹೋದರೆ ಪಾಠವೇ ನಿಂತಂತೆ. ಶ್ರವಣ ಸಾಧನಗಳು ತೇವಕ್ಕೆ ಕೆಡುತ್ತವೆ, ರಾತ್ರಿ ಅವನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕೆಂಬ ಸಣ್ಣ ಮಾಹಿತಿಯೂ ಇಲ್ಲಿ ಓದಿನ ಭಾಗವೇ. ಬಸ್ಸಿನ ವಿಷಯವೂ ಹೀಗೆಯೇ. ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ವಿಕಲಚೇತನರಿಗೆ ರಿಯಾಯಿತಿ ಪಾಸ್ ಇದೆ, ಆದರೆ ಹೊಸನಗರ, ಕೊಪ್ಪ, ತೀರ್ಥಹಳ್ಳಿ ಕಡೆಯ ಎಷ್ಟೋ ಹಳ್ಳಿಗಳು ನೆಚ್ಚಿಕೊಂಡಿರುವುದು ಖಾಸಗಿ ಬಸ್ಸುಗಳನ್ನು.

ಕನ್ನಡ ಮಾಧ್ಯಮದ ಅಂಧ ವಿದ್ಯಾರ್ಥಿಗಳ ತೊಡಕೊಂದು ಯಾವ ಪಠ್ಯಪುಸ್ತಕದಲ್ಲೂ ನನಗೆ ಕಾಣಲಿಲ್ಲ. ಉಚಿತವಾಗಿ ಸಿಗುವ ಎನ್‌ವಿಡಿಎಯಂತಹ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ದನಿಯಲ್ಲಿ ಓದಿಹೇಳುವ ತಂತ್ರಾಂಶ, ಕನ್ನಡವನ್ನು ಓದಬಲ್ಲದು, ಆದರೆ ಪಠ್ಯ ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರವನ್ನೂ ಕಂಪ್ಯೂಟರ್ ಗುರುತಿಸುವ ಸಾರ್ವತ್ರಿಕ ಸಂಕೇತ ವ್ಯವಸ್ಥೆಯಲ್ಲಿ) ಇರಬೇಕು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಜೆರಾಕ್ಸ್ ಪ್ರತಿಯ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನೋಟ್ಸ್ ಬರಿಯ ಚಿತ್ರ, ಅದನ್ನು ಸ್ಕ್ರೀನ್ ರೀಡರ್ ನೇರವಾಗಿ ಓದಲಾರದು. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಇವೆ. ಇದಕ್ಕೆ ಅನುದಾನವೂ ಬೇಡ, ಆದೇಶವೂ ಬೇಡ. ಉಪನ್ಯಾಸಕರ ಮತ್ತು ಸಹಪಾಠಿಗಳ ಅರ್ಧ ಗಂಟೆ ಸಾಕು.

ನಮ್ಮ ಊರಿನ ಕಡೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬೌದ್ಧಿಕ ವಿಕಲತೆಯ ಒಂದು ಕಾರಣ) ಇರುವ ಯುವತಿಯೊಬ್ಬಳಿದ್ದಾಳೆ. ಹದಿನೆಂಟಕ್ಕೆ ವಿಶೇಷ ಶಾಲೆ ಮುಗಿಯಿತು. ಉಚಿತ ಶಿಕ್ಷಣದ ಹಕ್ಕನ್ನು 2016ರ ಅಧಿನಿಯಮ 6ರಿಂದ 18ರ ವಯಸ್ಸಿಗೆ ಕೊಟ್ಟಿರುವುದರಿಂದ ಆಮೇಲಿನದು ಮನೆಯವರ ಪಾಲಿಗೆ ಉಳಿಯಿತು. ಅವಳ ತಮ್ಮ ಕಾಲೇಜಿಗೆ ಹೊರಡುವಾಗ ಅವಳೂ ತಲೆ ಬಾಚಿ ಚೀಲ ಹಿಡಿದು ಜಗಲಿಯಲ್ಲಿ ಕುಳಿತಿರುತ್ತಾಳೆ. ಇಂಥವರಿಗೆ ಇಂದು ತೆರೆದಿರುವ ದಾರಿಗಳಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೂ ಒಂದು. ಅಲ್ಲಿ ಒಂದೊಂದೇ ವಿಷಯವನ್ನು ತೆಗೆದುಕೊಂಡು ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳೊಳಗೆ ಮುಗಿಸಬಹುದು. ಅದು ಒಳ್ಳೆಯ ವ್ಯವಸ್ಥೆಯೇ, ಆದರೆ ಮನೆಯಲ್ಲಿ ಕುಳಿತು ಓದುವಂಥದ್ದು. ಅವಳು ಕಾಯುತ್ತಿರುವುದು ಜೊತೆಗಾರರಿಗಾಗಿ.

ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದು ಅವಳನ್ನು ವಾರಕ್ಕೆ ಮೂರು ದಿನ ಪರೀಕ್ಷೆಯ ಹಂಗಿಲ್ಲದೆ ಕನ್ನಡ ತರಗತಿಯಲ್ಲಿ ಕೂರಿಸಿಕೊಂಡು, ಮಧ್ಯಾಹ್ನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಕಲಿಸಿ, ಎನ್ಎಸ್ಎಸ್ ಘಟಕದ ಇಬ್ಬರು ವಿದ್ಯಾರ್ಥಿನಿಯರನ್ನು ಜೊತೆಗಾತಿಯರನ್ನಾಗಿ ಗೊತ್ತುಮಾಡಿದರೆ ಮೇಲೆ ಹೇಳಿದ ಕೆನಡಾ, ಅಮೆರಿಕಗಳ ಮಾದರಿಯ ಮುಖ್ಯ ಭಾಗಗಳು ಅಲ್ಲಿಯೇ ಕೂಡಿಬರುತ್ತವೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆಯವರಿಗೂ ಕಾಲೇಜಿಗೂ ನಡುವೆ ಓಡಾಡಬಲ್ಲರು. ತರಗತಿ ಆರಂಭವಾಗುವ ಮೊದಲಿನ ಒಂದು ತಿಂಗಳು ಅವಳು ಕಲಿಯಬೇಕಾದ ಪಾಠ ಬೇರೆಯೇ ಇದೆ: ಬೆಳಗಿನ ಬಸ್ಸಿನ ಬೋರ್ಡ್ ಗುರುತಿಸುವುದು, ಚಿಲ್ಲರೆ ಎಣಿಸಿಕೊಡುವುದು, ತನ್ನ ಸ್ಟಾಪ್ ಬಂದಾಗ ಕಂಡಕ್ಟರಿಗೆ ಹೇಳಿ ಇಳಿಯುವುದು.