‘ಗೊತ್ತಿಲ್ಲ ಸಾರ್’ ಎನ್ನುವವರನ್ನೇ ನಾನು ಆರಿಸುತ್ತೇನೆ

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಟ್ರೈನಿಗಳನ್ನು ಆರಿಸಿಕೊಡುವುದು ನನ್ನ ಕೆಲಸ. ಮೆಕ್ಯಾನಿಕಲ್ ಓದಿ ಬಂದ ಮಕ್ಕಳ ಮುಂದೆ ಒಂದು ಡ್ರಾಯಿಂಗ್, ಒಂದು ಶಾಫ್ಟ್ (ದುಂಡನೆಯ ಲೋಹದ ಸರಳು), ಅಳೆಯಲು ಒಂದು ವರ್ನಿಯರ್ ಇಡುತ್ತೇನೆ. ಡ್ರಾಯಿಂಗಿನಲ್ಲಿ ಶಾಫ್ಟಿನ ವ್ಯಾಸ 25 ಮಿ.ಮೀ., ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಎನ್ನುವ ಮಿತಿ, ಎಚ್7. “ಅಳೆದು ಹೇಳಪ್ಪಾ, ಜಾಬ್ ಪಾಸೋ ರಿಜೆಕ್ಟೋ?” ಜಾಬ್ ಎಂದರೆ ಮೆಷಿನ್‌ನಲ್ಲಿ ತಯಾರಾದ ತುಂಡು.

ಹೆಚ್ಚಿನವರು ಅಳೆದು, ತಡಮಾಡದೆ “ಪಾಸ್ ಸಾರ್” ಎನ್ನುತ್ತಾರೆ. ಆ ಟಾಲರೆನ್ಸಿಗೆ ಶಾಫ್ಟ್ 25ಕ್ಕಿಂತ ಚೂರೂ ದಪ್ಪ ಇರಕೂಡದು, 24.979ಕ್ಕಿಂತ ಸಣ್ಣದೂ ಆಗಕೂಡದು. ಒಟ್ಟು ಅವಕಾಶವೇ 21 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ನಾನು ಕೊಟ್ಟ ವರ್ನಿಯರ್ ಓದಬಲ್ಲ ಅತಿ ಸಣ್ಣ ಅಳತೆ 20 ಮೈಕ್ರಾನ್. ಅದನ್ನು ನಂಬಿ ಪಾಸ್ ಮಾಡುವ ಹಾಗೇ ಇಲ್ಲ. “ಮೈಕ್ರೋಮೀಟರ್ ಬೇಕಾಗುತ್ತೆ ಸಾರ್” ಎಂದು ಇನ್ನೂ ಸೂಕ್ಷ್ಮವಾಗಿ ಅಳೆಯುವ ಸಾಧನ ಕೇಳಿದವರನ್ನು ಯಾರಾದರೂ ತೆಗೆದುಕೊಳ್ಳುತ್ತಾರೆ. “ಎಚ್7 ಅಂದ್ರೆ ಎಷ್ಟು ಅಂತ ಗೊತ್ತಿಲ್ಲ ಸಾರ್, ಟೇಬಲ್ ಇದ್ರೆ ನೋಡಿ ಹೇಳ್ತೀನಿ” ಎಂದವರನ್ನೂ ನಾನು ಆರಿಸುತ್ತೇನೆ. ಮಾಲೀಕರು ಒಪ್ಪದಿದ್ದರೆ ಕೂತು ವಾದಿಸುತ್ತೇನೆ.

ಕಾರಣ ಇದೆ. ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಟ್ರೈನಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿಗೆ ಆಫ್‌ಸೆಟ್ (ಕತ್ತರಿಸುವ ಟೂಲಿನ ಸ್ಥಾನ ತಿದ್ದುವ ಅಂಕಿ) ಕೊಡುವಾಗ ಮೈನಸ್ ಹಾಕುವ ಕಡೆ ಪ್ಲಸ್ ಹಾಕಿಬಿಟ್ಟಿದ್ದ. ಕೆಲವು ಜಾಬ್ ಕೆಟ್ಟ ಮೇಲೆ ಅವನಿಗೇ ತಿಳಿಯಿತು. ಮೆಷಿನ್ ನಿಲ್ಲಿಸಿ, ಕೆಟ್ಟವನ್ನೆಲ್ಲ ಕೆಂಪು ಡಬ್ಬಿಗೆ ಹಾಕಿ, ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದ. ಬೈಸಿಕೊಂಡ, ಕೆಲಸ ಉಳಿಯಿತು. ಇನ್ನೊಂದು ಕಡೆ ಅಂಥದೇ ತಪ್ಪಾದಾಗ ಹುಡುಗ ಕೆಟ್ಟ ಜಾಬ್‌ಗಳನ್ನು ಒಳ್ಳೆಯವುಗಳ ಅಡಿಗೆ ಸೇರಿಸಿದ. ಗಿರಾಕಿಯಿಂದ ಇಡೀ ಲಾಟ್ ವಾಪಸ್ ಬಂತು. ಇಬ್ಬರ ಅಂಕಪಟ್ಟಿಯಲ್ಲೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಪ್ರೊಬೇಷನ್ ಆರು ತಿಂಗಳಲ್ಲಿ ಮಾಲೀಕರು ಕಣ್ಣಿಟ್ಟು ನೋಡುವುದು ಮುಖ್ಯವಾಗಿ ಇದನ್ನೇ: ತಪ್ಪನ್ನು ಒಪ್ಪಿಕೊಳ್ಳುತ್ತಾನೋ, ಮುಚ್ಚಿಡುತ್ತಾನೋ. ಅದನ್ನು ಬಾಯಿಬಿಟ್ಟು ಹೇಳುವ ಮಾಲೀಕರು ಮಾತ್ರ ಕಡಿಮೆ.

ಮಾಲೀಕರಿಗೂ ನಾನು ಹೇಳಬೇಕಾದ್ದಿದೆ. “ಈಗಿನ ಹುಡುಗರಿಗೆ ಏನೂ ಬರಲ್ಲ, ಎರಡು ಸಾವಿರ ಜಾಸ್ತಿ ಸಿಕ್ಕರೆ ಓಡ್ತಾರೆ” ಎನ್ನುವವರನ್ನು ನಾನು ಕೇಳುವುದು ಎರಡೇ ಪ್ರಶ್ನೆ. ಮೊದಲ ವಾರ ಅವನ ಪಕ್ಕ ನಿಂತು ಕಲಿಸಿದವರು ಯಾರು? ಪೀಜಿ ಬಾಡಿಗೆ ಕಟ್ಟಿದ ಮೇಲೆ ಅವನ ಕೈಯಲ್ಲಿ ಉಳಿಯುವುದೆಷ್ಟು? 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು ಎನ್ನುವುದು ನಿಯಮ. ಪದವೀಧರ ಅಪ್ರೆಂಟಿಸ್‌ನ ಕನಿಷ್ಠ ಸ್ಟೈಪೆಂಡಿನಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಅಪ್ರೆಂಟಿಸ್ ಆಗಿರುವ ವರ್ಷ ಕಲಿಸಲಿ ಎಂದೇ ಕೊಟ್ಟದ್ದು. ಆ ವರ್ಷವೆಲ್ಲ ಪ್ಯಾಕಿಂಗಿಗೂ ಡೆಸ್ಪ್ಯಾಚಿಗೂ ಓಡಾಡಿಸಿ, ಕೊನೆಗೆ ‘ಏನೂ ಕಲಿಯಲಿಲ್ಲ’ ಎಂದರೆ ತಪ್ಪು ಹುಡುಗನದಲ್ಲ.

ಇಂಗ್ಲಿಷಿನ ವಿಷಯದಲ್ಲಂತೂ ನನಗೆ ನಿಜವಾಗಿ ಸಂಕಟವಾಗುತ್ತದೆ. ಶಾಪ್ ಫ್ಲೋರಿನಲ್ಲಿ ನಡೆಯುವುದು ಕನ್ನಡ, ತಮಿಳು, ಹಿಂದಿ. ಸಂದರ್ಶನ ಮಾತ್ರ ಇಂಗ್ಲಿಷಿನಲ್ಲಿ.

ಹೋದ ಸಲ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. “ಎಕ್ಸ್‌ಪ್ಲೇನ್ ಯುವರ್ ಪ್ರಾಜೆಕ್ಟ್” ಎಂದ ಕೂಡಲೇ ಬಾಯಿಪಾಠ ಮಾಡಿದ ನಾಲ್ಕು ವಾಕ್ಯ ಹೇಳಿ ನಿಂತಳು. ಕಾಸು ಕೊಟ್ಟು ಕೊಂಡ ಪ್ರಾಜೆಕ್ಟ್ ಇರಬೇಕು ಎಂದುಕೊಂಡ ಮಾಲೀಕರು ಫೈಲ್ ಮುಚ್ಚುವವರಿದ್ದರು. “ಕನ್ನಡದಾಗ ಹೇಳವ್ವಾ, ಎಲ್ಲಿ ಕೆಟ್ಟಿತು?” ಎಂದೆ. ಮೆಕ್ಕೆಜೋಳ ಬಿಡಿಸುವ ಯಂತ್ರ ಮಾಡಿದ್ದರಂತೆ. ಎರಡನೇ ದಿನವೇ ಫ್ರೇಮಿನ ವೆಲ್ಡಿಂಗ್ ಬಿರುಕು ಬಿಟ್ಟಿತಂತೆ. ಮೋಟಾರು ಕೂರಿಸಿದ ಪಟ್ಟಿ ತೆಳುವಾಗಿತ್ತು, ನಡುಕ ತಡೆಯಲಿಲ್ಲ, ಆ್ಯಂಗಲ್ ಹಾಕಿ ಬಿಗಿ ಮಾಡಿದೆವು, ಆದರೂ ಕಾಳು ಒಡೀತಿತ್ತು, ಅದು ಇನ್ನೂ ಬಗೆಹರಿದಿಲ್ರೀ ಎಂದಳು. ಮಾಲೀಕರು ಒಂದು ಹಾಳೆ, ಪೆನ್ಸಿಲ್ ಅವಳ ಕಡೆ ಸರಿಸಿ, “ಆ ಪಟ್ಟಿ ಎಲ್ಲಿತ್ತು, ಬರೆದು ತೋರಿಸಮ್ಮ” ಎಂದರು.