ನಾಯಿಗೆ ಶುಗರ್ ಬಂದರೆ ತೋಟದ ಮನೆಯಲ್ಲಿ ನೋಡಿಕೊಳ್ಳೋಕೆ ಆಗುತ್ತಾ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ನಾಯಿಗೆ ಒಂಬತ್ತು ವರ್ಷ. ಇತ್ತೀಚೆಗೆ ವಿಪರೀತ ನೀರು ಕುಡಿಯುತ್ತಿತ್ತು, ಹೊಟ್ಟೆ ತುಂಬ ತಿಂದರೂ ಸೊರಗುತ್ತಿತ್ತು. ಡಾಕ್ಟರಿಗೆ ತೋರಿಸಿದೆವು, ಶುಗರ್ ಅಂದರು. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕಂತೆ, ಅದೂ ಕೊನೆವರೆಗೆ. ನಾವಿರುವುದು ಕೊಡಗಿನ ಗೋಣಿಕೊಪ್ಪದಿಂದ ಒಳಗೆ, ತೋಟದ ಮನೆಯಲ್ಲಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಮನೆಯಲ್ಲಿ ನಾವಿಬ್ಬರೇ, ವಯಸ್ಸಾಗಿದೆ. ಮಾತ್ರೆಯಲ್ಲೇ ಆಗಲ್ವಾ?

ಉತ್ತರ: ಮಾತ್ರೆಯಲ್ಲಿ ಆಗುವುದಿಲ್ಲ. ಆದರೆ ಮನೆಯಲ್ಲಿ ನೋಡಿಕೊಳ್ಳಲು ಖಂಡಿತ ಆಗುತ್ತದೆ, ವಯಸ್ಸಾದವರಿಗೂ ಆಗುತ್ತದೆ.

ಮಾತ್ರೆ ಯಾಕೆ ಇಲ್ಲ ಅಂದರೆ, ಮನುಷ್ಯರಿಗೆ ವಯಸ್ಸಾದ ಮೇಲೆ ಬರುವ ಶುಗರ್‌ನಲ್ಲಿ ಮೇದೋಜೀರಕ ಗ್ರಂಥಿ ಇನ್ನೂ ಸ್ವಲ್ಪ ಇನ್ಸುಲಿನ್ ತಯಾರಿಸುತ್ತಿರುತ್ತದೆ, ಮಾತ್ರೆ ಅದನ್ನೇ ನಂಬಿಕೊಂಡು ಕೆಲಸ ಮಾಡುತ್ತದೆ. ನಾಯಿಗಳಲ್ಲಿ ಶುಗರ್ ಗೊತ್ತಾಗುವ ಹೊತ್ತಿಗೆ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಡಿಮೆ ನಿಂತಿರುತ್ತದೆ. ಹಾಗಾಗಿ ಮನೆಯ ಹಿರಿಯರ ಮೆಟ್‌ಫಾರ್ಮಿನ್‌ನಲ್ಲಿ ಅರ್ಧ ಮುರಿದು ನಾಯಿಗೆ ಕೊಟ್ಟರೆ ಉಪಯೋಗವಿಲ್ಲ. ಹಾಗಲಕಾಯಿ ರಸ, ಮೆಂತ್ಯ ನೀರು, ಕಕ್ಕಡ ತಿಂಗಳ ಮದ್ದು ಸೊಪ್ಪು, ಯಾವುದೂ ಇನ್ಸುಲಿನ್ ಜಾಗದಲ್ಲಿ ನಿಲ್ಲುವುದಿಲ್ಲ. ಮದ್ದು ಪಾಯಸವನ್ನಂತೂ ಹತ್ತಿರಕ್ಕೂ ತರಬೇಡಿ, ಅದರಲ್ಲಿರುವುದು ಬೆಲ್ಲ! ಅಂದಹಾಗೆ, 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದಾಗ ಅದು ಮೊದಲು ಕೆಲಸ ಮಾಡಿ ತೋರಿಸಿದ್ದು ನಾಯಿಗಳ ಮೇಲೇ. ಮನುಷ್ಯರ ಸರದಿ ಬಂದಿದ್ದು 1922ರ ಜನವರಿಯಲ್ಲಿ.

ನೀವು ಹೆದರಿರುವುದು ಸೂಜಿಗೆ. ಎಲ್ಲರೂ ಮೊದಲು ಹೆದರುವುದು ಅದಕ್ಕೇ. ಆದರೆ ಚುಚ್ಚುವ ಕೆಲಸ ಒಂದು ವಾರದಲ್ಲಿ ಕೈಗೆ ಕೂತುಬಿಡುತ್ತದೆ. ನಿಜವಾದ ಕಷ್ಟ ಬೇರೆ ಕಡೆ ಇದೆ: ಅದೇ ಹೊತ್ತಿಗೆ, ಅದೇ ಊಟ, ಅಷ್ಟೇ ಓಡಾಟ, ದಿನಾ. ತೋಟದ ಮನೆಯಲ್ಲಿ ನಾಯಿಯ ಬದುಕು ಹಾಗೆ ಇರುವುದೇ ಇಲ್ಲ ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಸೂಜಿಯ ವಿಷಯ ಮುಗಿಸೋಣ.

ಬೆಳಿಗ್ಗೆ ಏಳು, ಸಂಜೆ ಏಳು ಅಂತ ಇಟ್ಟುಕೊಳ್ಳಿ. ಹನ್ನೆರಡು ಗಂಟೆ ಅಂತರ ಇರಬೇಕು, ಅರ್ಧ ಗಂಟೆ ಆಚೀಚೆ ಆದರೆ ಏನೂ ಆಗುವುದಿಲ್ಲ. ಮೊದಲು ಊಟ, ಆಮೇಲೆ ಇಂಜೆಕ್ಷನ್. ಈ ಕ್ರಮ ಯಾಕೆಂದರೆ ನಾಯಿ ತಿಂದಿದೆ ಅಂತ ಕಣ್ಣಲ್ಲಿ ನೋಡಿದ ಮೇಲೆಯೇ ಇನ್ಸುಲಿನ್ ಒಳಗೆ ಹೋಗಬೇಕು. ಪಕ್ಕೆಯ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಪುಟ್ಟ ಗುಡಾರದಂತೆ ನಿಲ್ಲುತ್ತದೆ, ಆ ಗುಡಾರದ ಬುಡಕ್ಕೆ ಸೂಜಿ ಹಾಕಿ ನಿಧಾನಕ್ಕೆ ಒತ್ತಿ. ಇನ್ಸುಲಿನ್ ಸಿರಿಂಜಿನ ಸೂಜಿ ತುಂಬಾ ಸಣ್ಣದು, ಬಟ್ಟಲು ನೆಕ್ಕುತ್ತಿರುವ ಲ್ಯಾಬ್ ಎಷ್ಟೋ ಸಲ ತಲೆಯನ್ನೂ ತಿರುಗಿಸುವುದಿಲ್ಲ. ಇವತ್ತು ಎಡಕ್ಕೆ ಚುಚ್ಚಿದರೆ ನಾಳೆ ಬಲಕ್ಕೆ, ಒಂದೇ ಜಾಗಕ್ಕೆ ಬೇಡ, ಗಂಟು ಕಟ್ಟುತ್ತದೆ. ಚುಚ್ಚಿದ ಮೇಲೆ ಆ ಜಾಗದ ಕೂದಲು ಮುಟ್ಟಿ ನೋಡಿ. ಒದ್ದೆಯಾಗಿದ್ದು ಬೆರಳಿಗೆ ಮೆಡಿಕಲ್ ಶಾಪಿನ ತರ ವಾಸನೆ ಬಂದರೆ ಸೂಜಿ ಚರ್ಮದ ಆಚೆ ಬಂದು ಔಷಧಿ ಹೊರಗೆ ಹೋಗಿದೆ ಅಂತ. ಆಗ ಇನ್ನೊಂದು ಸಲ ಚುಚ್ಚಬೇಡಿ. ಎಷ್ಟು ಒಳಗೆ ಹೋಯಿತು ಅಂತ ಗೊತ್ತಿಲ್ಲದೆ ಮತ್ತೆ ಕೊಟ್ಟರೆ ಡಬಲ್ ಆಗುವ ಅಪಾಯ ಇದೆ. ಒಂದು ಹೊತ್ತು ತಪ್ಪಿದರೆ ನಾಯಿ ಜಾಸ್ತಿ ನೀರು ಕುಡಿಯುತ್ತದೆ ಅಷ್ಟೇ, ಡಬಲ್ ಆದರೆ ಜೀವಕ್ಕೇ ಬರಬಹುದು.

ಹಾಗೇ ಸಿರಿಂಜಿನ ಬಗ್ಗೆ. ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಮಿಲಿಗೆ 100 ಯೂನಿಟ್‌ನದೂ ಇದೆ, ಅದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ ತಂದು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು ಹತ್ತಲ್ಲ, ಇಪ್ಪತ್ತೈದು ಯೂನಿಟ್. ಮೆಡಿಕಲ್‌ನವರು 'ಅದಿಲ್ಲ, ಇದು ಕೊಡ್ತೀನಿ, ಎರಡೂ ಒಂದೇ' ಅಂದರೆ ಒಪ್ಪಬೇಡಿ. ಹಳೇ ಬಾಟಲಿ, ಹಳೇ ಸಿರಿಂಜ್ ಎರಡನ್ನೂ ಕವರಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಈಗ ಕರೆಂಟ್. ಸಮಾಧಾನದ ವಿಷಯ ಏನೆಂದರೆ, ನಮ್ಮ ಕರೆಂಟ್ ಹೋಗುವುದು ಜೂನ್-ಜುಲೈ-ಆಗಸ್ಟಿನ ಮಳೆಯಲ್ಲಿ, ಆಗ ಇಲ್ಲಿ ಚಳಿ. ತೆರೆದಿಲ್ಲದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ನಿಜ. ಆದರೆ ಬಳಸುತ್ತಿರುವ ಬಾಟಲಿ ಬಿಸಿಲು ಬೀಳದ, ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡದೆ ಇರುತ್ತದೆ. ಬಾಟಲಿಯ ಜೊತೆ ಬರುವ ಚೀಟಿಯಲ್ಲಿ ಅದನ್ನು ಬರೆದಿರುತ್ತಾರೆ, ನೋಡಿಕೊಳ್ಳಿ. ಲೆಕ್ಕ ಹಾಕಿ: 10 ಮಿಲಿ ಬಾಟಲಿಯಲ್ಲಿ 400 ಯೂನಿಟ್, ನಿಮ್ಮ ನಾಯಿಗೆ ಹೊತ್ತಿಗೆ 10 ಯೂನಿಟ್ ಅಂತಾದರೆ ದಿನಕ್ಕೆ 20, ಅಂದರೆ ಬಾಟಲಿ ಕೆಡುವ ಮೊದಲೇ ಇಪ್ಪತ್ತು ದಿನದಲ್ಲಿ ಖಾಲಿ. ಆದ್ದರಿಂದ ಮಳೆ ಶುರುವಾಗುವ ಮುಂಚೆ ಒಂದು ಬಾಟಲಿ ಹೆಚ್ಚಿಗೆ ತಂದಿಟ್ಟುಕೊಳ್ಳಿ, ಮರ ಬಿದ್ದು ರಸ್ತೆ ಬಂದ್ ಆದರೂ ಚಿಂತೆ ಇಲ್ಲ. ಒಲೆಯ ಹತ್ತಿರ ಮಾತ್ರ ಇಡಬೇಡಿ. ಮಳೆಗಾಲದಲ್ಲಿ ಎಲ್ಲವನ್ನೂ ಒಲೆ ಪಕ್ಕ ಬೆಚ್ಚಗೆ ಇಡುವುದು ನಮಗೆ ಅಭ್ಯಾಸ. ನನ್ನ ಪ್ರಕಾರ ಕರೆಂಟ್ ಹೋಗುವುದಕ್ಕಿಂತ ದೊಡ್ಡ ಅಪಾಯ ಫ್ರಿಜ್‌ನಲ್ಲೇ ಇದೆ. ಹಳೇ ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಐಸ್ ಡಬ್ಬಿಯ ಕೆಳಗೇ ಇಟ್ಟರೆ ಇನ್ಸುಲಿನ್ ಹೆಪ್ಪುಗಟ್ಟುತ್ತದೆ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು, ಎಸೆಯಬೇಕು. ಬಾಗಿಲಿನ ತಟ್ಟೆಯಲ್ಲಿ, ಡಬ್ಬಿಯೊಳಗೆ ಇಡಿ. ಬೆಳ್ಳಗೆ ಹಾಲಿನಂತಿರುವ ಇನ್ಸುಲಿನ್ ಆದರೆ ಎಳೆಯುವ ಮುಂಚೆ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ. ಉರುಳಿಸಿದ ಮೇಲೂ ಕಾಳು ಕಾಳಾಗಿ ಕಂಡರೆ ಅದನ್ನು ಬಳಸಬೇಡಿ.

ಸರಿ, ಕಷ್ಟದ ಭಾಗಕ್ಕೆ ಬರೋಣ.

ತೋಟದ ನಾಯಿಗೆ ಒಂದೇ ಅಡುಗೆಮನೆ ಇರುವುದಿಲ್ಲ. ಬೆಳಿಗ್ಗೆ ನಿಮ್ಮ ಮನೆಯಲ್ಲಿ ತಿಂದು, ಹತ್ತು ಗಂಟೆಗೆ ಕೆಲಸದವರ ಬುತ್ತಿ ಬಿಚ್ಚುವ ಹೊತ್ತಿಗೆ ಅಲ್ಲಿ ಹಾಜರಾಗಿ, ಮಧ್ಯಾಹ್ನ ಲೈನ್‌ಮನೆ ಕಡೆ ಒಂದು ಸುತ್ತು ಹಾಕಿ, ಹಲಸಿನ ಕಾಲದಲ್ಲಿ ಮರದ ಕೆಳಗೆ ಬಿದ್ದ ಹಣ್ಣನ್ನೂ ಬಿಡದೆ ಸಂಜೆ ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು ಬಂದು ಜಗಲಿಯಲ್ಲಿ ಮಲಗುವ ಪ್ರಾಣಿ ಅದು. ಇನ್ಸುಲಿನ್ ಡೋಸ್ ನಿಗದಿಯಾಗಿರುವುದು ನೀವು ಹಾಕುವ ಎರಡು ಹೊತ್ತಿನ ಊಟದ ಲೆಕ್ಕಕ್ಕೆ. ಹೊರಗಿನದು ಸೇರಿದರೆ ಲೆಕ್ಕ ತಪ್ಪುತ್ತದೆ, ನೀವು 'ಎಷ್ಟು ಚುಚ್ಚಿದರೂ ಶುಗರ್ ಇಳೀತಿಲ್ಲ' ಅಂತೀರಿ, ಡೋಸ್ ಏರುತ್ತದೆ, ಆಮೇಲೆ ಒಂದು ದಿನ ಕೆಲಸದವರು ರಜೆ ಹಾಕುತ್ತಾರೆ, ಹೊರಗಿನ ತಿಂಡಿ ಸಿಗುವುದಿಲ್ಲ, ಶುಗರ್ ಪಾತಾಳಕ್ಕೆ.

ಹಾಗಾಗಿ ಕೆಲಸದವರಿಗೆ, ರೈಟರಿಗೆ, ಪಕ್ಕದ ತೋಟದವರಿಗೆ ಎಲ್ಲರಿಗೂ ಹೇಳಿ: ಇವನಿಗೆ ಶುಗರ್, ಏನೂ ಹಾಕಬೇಡಿ. ಶುಗರ್ ಅಂದರೆ ಜನಕ್ಕೆ ತಕ್ಷಣ ಅರ್ಥವಾಗುತ್ತದೆ, ಮನೆಗೊಬ್ಬರಿಗೆ ಇರುವ ಕಾಯಿಲೆ. ಕೈಲ್ ಪೊಳ್ದ್, ಪುತ್ತರಿ ಹಬ್ಬದ ದಿನ ನೆಂಟರು ಬಂದಾಗ ಕಟ್ಟಿ ಹಾಕುವುದೇ ಒಳ್ಳೆಯದು. ಕಡಂಬುಟ್ಟಿನ ಜೊತೆ ಪಂದಿ ಕರಿಯ ಕೊಬ್ಬಿನ ತುಂಡು ಎಸೆಯುವವರು ಒಬ್ಬರಾದರೂ ಇರುತ್ತಾರೆ. ಕೊಬ್ಬು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿಗೇ ಉರಿಯೂತ ಬರಬಹುದು, ಅಲ್ಲಿಗೆ ಅಷ್ಟು ದಿನದ ಶ್ರಮ ನೀರಿಗೆ ಹೋಯಿತು. ಮಸಾಲೆಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಯಾವ ನಾಯಿಗೂ ಒಳ್ಳೆಯದಲ್ಲ.

ಏನು ಹಾಕಬೇಕು? ಡಯಾಬಿಟಿಕ್ ನಾಯಿಗಳ ಫುಡ್ ಅಂತ ಪ್ಯಾಕೆಟ್ ಸಿಗುತ್ತದೆ, ಆಗುವುದಾದರೆ ಸುಲಭ. ಇಲ್ಲದಿದ್ದರೆ ಚರ್ಮ ತೆಗೆದ ಬೇಯಿಸಿದ ಕೋಳಿ, ಬೀನ್ಸ್, ಸಿಹಿಗುಂಬಳ, ಅಳತೆ ಮಾಡಿದ ಅನ್ನ. ಡಾಕ್ಟರಿಗೆ ತೋರಿಸಿ ಪ್ರಮಾಣ ಗೊತ್ತು ಮಾಡಿಕೊಳ್ಳಿ, ಒಂದೇ ಲೋಟದಲ್ಲಿ ಅಳೆದು ಹಾಕಿ. ಇವತ್ತು ಅನ್ನ, ನಾಳೆ ಅಕ್ಕಿ ಒಟ್ಟಿ, ನಾಡಿದ್ದು ಬರೀ ಮಾಂಸ ಅಂತ ಬದಲಾಯಿಸಿದರೆ ಯಾವ ಡೋಸೂ ಕೂರುವುದಿಲ್ಲ. ನೀರನ್ನು ಮಾತ್ರ ಯಾವತ್ತೂ ತಡೆಯಬೇಡಿ. ಶುಗರ್ ಸುಮಾರು 200 ದಾಟಿದರೆ ಅದು ಮೂತ್ರದಲ್ಲಿ ಹೋಗಲು ಶುರುವಾಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬಾಯಾರಿಕೆ ಅದರಿಂದ. ಅಂಗಳದಲ್ಲಿ ನಾಯಿ ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದೂ ಅದರಿಂದಲೇ.

ಓಡಾಟವೂ ಅಷ್ಟೇ. ಮಳೆಗಾಲವಿಡೀ ಜಗಲಿಯಲ್ಲಿ ಮುದುರಿ ಮಲಗುವ ನಾಯಿ ಕಾಫಿ ಕೊಯ್ಲು ಶುರುವಾದರೆ ಬೆಳಗಿನಿಂದ ಸಂಜೆವರೆಗೆ ಕೊಯ್ಯುವವರ ಹಿಂದೆ ತೋಟವೆಲ್ಲಾ ಸುತ್ತುತ್ತದೆ. ಓಡಿದಷ್ಟೂ ಶುಗರ್ ಇಳಿಯುತ್ತದೆ. ಅದೇ ಡೋಸ್, ಅದೇ ಊಟ, ಆದರೆ ಮಧ್ಯಾಹ್ನ ಎಲ್ಲೋ ಗಿಡದ ಬುಡದಲ್ಲಿ ಕುಸಿದು ಬಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ದೂರ, ಹಗ್ಗ ಹಿಡಿದು ಕರೆದುಕೊಂಡು ಹೋಗಿ. ಉಳಿದ ಹೊತ್ತು ಗೇಟಿನೊಳಗೆ ಇರಲಿ.

ಶುಗರ್ ತೀರಾ ಇಳಿದರೆ ಹೇಗೆ ಗೊತ್ತಾಗುತ್ತದೆ? ಕುಡಿದವರ ಹಾಗೆ ತೂರಾಡುತ್ತದೆ, ಹಿಂಗಾಲು ಸೋಲುತ್ತದೆ, ಮೈ ನಡುಗುತ್ತದೆ, ಕರೆದರೆ ಗುರುತು ಸಿಗದವರಂತೆ ನೋಡುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ರಕ್ತದಲ್ಲಿ 60ರ ಕೆಳಗೆ ಬಂದಾಗಿನ ಕಥೆ ಇದು. ಆಗ ಮೀಟರ್ ಹುಡುಕುತ್ತಾ ಕೂರಬೇಡಿ. ಮನೆಯಲ್ಲಿ ಜೇನು ಇದ್ದೇ ಇರುತ್ತದಲ್ಲ, ಒಂದು ದೊಡ್ಡ ಚಮಚದಷ್ಟು ತೆಗೆದು ಬೆರಳಲ್ಲಿ ಒಸಡಿಗೆ, ಕೆನ್ನೆಯ ಒಳಭಾಗಕ್ಕೆ ಉಜ್ಜಿ. ಸಕ್ಕರೆ ಪಾಕ, ಗ್ಲೂಕೋಸ್ ಪುಡಿಯ ನೀರೂ ಆಗುತ್ತದೆ. ಫಿಟ್ಸ್ ಬಂದಿರುವಾಗ ಬಾಯಿಗೆ ಏನನ್ನೂ ಸುರಿಯಬೇಡಿ, ಹಲ್ಲಿನ ನಡುವೆ ಬೆರಳೂ ಹಾಕಬೇಡಿ. ಎಚ್ಚರವಾದ ಮೇಲೆ ಊಟ ಕೊಟ್ಟು ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಡೋಸನ್ನು ಅವರನ್ನು ಕೇಳದೆ ಕೊಡಬೇಡಿ. ಇನ್ನೊಂದು ಮಾತು: ಶುಗರ್ ಫ್ರೀ ಬಿಸ್ಕೆಟ್, ಚೂಯಿಂಗ್ ಗಮ್‌ಗಳಲ್ಲಿ ಇರಬಹುದಾದ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ನಾಯಿಗೆ ವಿಷ. ಶುಗರ್ ಇರುವ ನಾಯಿಗೆ ಶುಗರ್ ಫ್ರೀ ತಿಂಡಿ ಒಳ್ಳೆಯದು ಅಂದುಕೊಂಡು ಕೊಡುವವರಿದ್ದಾರೆ.

ನಾಯಿ ಊಟ ಮಾಡದಿದ್ದರೆ ಮಾಮೂಲಿ ಡೋಸ್ ಕೊಡಬೇಡಿ, ಫೋನ್ ಮಾಡಿ ಕೇಳಿ. ಊಟ ಬಿಟ್ಟಿದೆ, ವಾಂತಿಯೂ ಆಗುತ್ತಿದೆ, ಮಂಕಾಗಿದೆ, ಬಾಯಿಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿದೆ ಅಂದರೆ ಫೋನಿನಲ್ಲಿ ಮುಗಿಯುವ ವಿಷಯ ಅಲ್ಲ. ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿರಬಹುದು, ಡ್ರಿಪ್ ಬೇಕಾಗುತ್ತದೆ, ಆವತ್ತೇ ಕರೆದುಕೊಂಡು ಹೋಗಿ. ಮಡಿಕೇರಿಯೋ ಮೈಸೂರೋ, ಸೋಮವಾರಪೇಟೆ ಕಡೆಯವರಾದರೆ ಹಾಸನದ ವೆಟರ್ನರಿ ಕಾಲೇಜೋ, ಯಾವುದು ಹತ್ತಿರ ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ.

ಮನೆಯಲ್ಲಿ ಶುಗರ್ ನೋಡುವುದನ್ನೂ ಕಲಿತರೆ ಒಳ್ಳೆಯದು. ಕಿವಿಯ ಒಳಬದಿಯ ಅಂಚಿಗೆ ಚುಚ್ಚಿದರೆ ಒಂದು ಹನಿ ರಕ್ತ ಬರುತ್ತದೆ. ಕಿವಿ ತಣ್ಣಗಿದ್ದರೆ ಬರುವುದಿಲ್ಲ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಮನುಷ್ಯರ ಮೀಟರ್ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಯಾವ ಮೀಟರ್ ಬಳಸುತ್ತೀರಿ ಅಂತ ಡಾಕ್ಟರಿಗೆ ಹೇಳಿ. ದಿನದ ಹೆಚ್ಚು ಹೊತ್ತು 100ರಿಂದ 250ರ ಒಳಗೆ ಇದ್ದರೆ ಸಾಕು, ಮನುಷ್ಯರ ಹಾಗೆ 120ಕ್ಕೆ ತರಲು ಹೋಗಬೇಡಿ. ಒಂದು ದಿನ 300 ಬಂತು ಅಂತ ನೀವೇ ಎರಡು ಯೂನಿಟ್ ಏರಿಸಬೇಡಿ. ಡೋಸ್ ಬದಲಾಯಿಸಿದ ಮೇಲೆ ದೇಹ ಅದಕ್ಕೆ ಹೊಂದಿಕೊಳ್ಳಲು ಒಂದು ವಾರವಾದರೂ ಬೇಕು. ಊಟ, ಡೋಸ್, ನೀರು, ತೂಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಬ್ಬರೇ ಇರುವ ಮನೆಯಲ್ಲಿ 'ನೀವು ಕೊಟ್ರಾ, ನಾನು ಕೊಡ್ಲಾ' ಅನ್ನುವ ಗೊಂದಲವೂ ಅದರಿಂದ ತಪ್ಪುತ್ತದೆ. ಎಲ್ಲ ಸರಿಯಿದ್ದೂ ಶುಗರ್ ಇದ್ದಕ್ಕಿದ್ದಂತೆ ಏರಿದರೆ ಬೇರೆ ಕಾಯಿಲೆ ಹುಡುಕಬೇಕು. ಮೂತ್ರದ ಸೋಂಕು, ಹಲ್ಲಿನ ಕೀವು, ನಮ್ಮಲ್ಲಂತೂ ಉಣ್ಣೆ ಜ್ವರ.

ಕಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಶುಗರ್ ಬಂದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಪೊರೆ ಬರುತ್ತದೆ, ಕೆಲವಕ್ಕೆ ಕೆಲವೇ ವಾರಗಳಲ್ಲಿ. ದೊಡ್ಡ ಊರುಗಳಲ್ಲಿ ಆಪರೇಷನ್ ಮಾಡುವವರಿದ್ದಾರೆ. ಮಾಡಿಸದಿದ್ದರೂ ಮೂಗು ಇರುವವರೆಗೆ ಅದು ಮನೆಯೊಳಗೆ ಆರಾಮಾಗಿ ಓಡಾಡಿಕೊಂಡಿರುತ್ತದೆ, ನೀವು ಕುರ್ಚಿ ಮಂಚ ಜರುಗಿಸದಿದ್ದರೆ ಆಯಿತು. ಕತ್ತಲಾದ ಮೇಲೆ ಮಾತ್ರ ಹೊರಗೆ ಬಿಡಬೇಡಿ, ಚಿರತೆ ಓಡಾಡುವ ಜಾಗದಲ್ಲಿ ಕಣ್ಣಿರುವ ನಾಯಿಗೇ ಉಳಿಗಾಲ ಇಲ್ಲ.

ನಿಮ್ಮ ಲ್ಯಾಬ್ ಗಂಡೋ ಹೆಣ್ಣೋ ಬರೆದಿಲ್ಲ. ಹೆಣ್ಣಾಗಿದ್ದು, ಮಕ್ಕಳಾಗದ ಆಪರೇಷನ್ ಆಗಿಲ್ಲದಿದ್ದರೆ ಮೊದಲು ಅದನ್ನೇ ಡಾಕ್ಟರ ಹತ್ತಿರ ಮಾತಾಡಿ. ಬೆದೆ ಮುಗಿದ ನಂತರದ ವಾರಗಳಲ್ಲಿ ದೇಹದಲ್ಲಿ ಏರುವ ಪ್ರೊಜೆಸ್ಟರಾನ್ ಹಾರ್ಮೋನ್ ಇನ್ಸುಲಿನ್‌ಗೆ ಅಡ್ಡ ಬರುತ್ತದೆ, ಡೋಸ್ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ. ಬೇಗ ಆಪರೇಷನ್ ಮಾಡಿಸಿದ ಕೆಲವು ಹೆಣ್ಣು ನಾಯಿಗಳಿಗೆ ಆಮೇಲೆ ಇನ್ಸುಲಿನ್ನೇ ಬೇಡವಾಗಿದ್ದೂ ಉಂಟು.