ಮರದ ಕ್ಯಾಮೆರಾ: ವಯಸ್ಸಿಗಿಲ್ಲದ ಬೆಲೆ ಯಾವುದಕ್ಕಿದೆ?

2010ರ ಮೇ ತಿಂಗಳಲ್ಲಿ ವಿಯೆನ್ನಾದ ಹರಾಜೊಂದರಲ್ಲಿ ಮರದ ಪೆಟ್ಟಿಗೆಯಂಥ ಕ್ಯಾಮೆರಾ 7,32,000 ಯೂರೋಗೆ ಹೋಯಿತು. ಪ್ಯಾರಿಸ್‌ನ ಆಲ್ಫೋನ್ಸ್ ಜಿರೂ 1839ರಲ್ಲಿ ತಯಾರಿಸಿ, ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ಡಾಗೇರ್ ಸ್ವತಃ ಸಹಿ ಹಾಕಿದ್ದ ಕ್ಯಾಮೆರಾ ಅದು. ಇಂಥ ಸುದ್ದಿ ಓದಿದವರು ಅಟ್ಟದಲ್ಲಿರುವ ಹಿತ್ತಾಳೆ ಕಟ್ಟಿನ ಮರದ ಕ್ಯಾಮೆರಾವನ್ನು ಕೆಳಗಿಳಿಸಿ ಲಕ್ಷಗಳ ಲೆಕ್ಕ ಹಾಕುವುದು ಸಹಜ. ಆದರೆ ಬ್ರಿಟನ್ನಿನ ಹರಾಜುಗಳಲ್ಲಿ ನೂರು ವರ್ಷ ದಾಟಿದ ಸಾಧಾರಣ ಹಾಫ್ ಪ್ಲೇಟ್ ಫೀಲ್ಡ್ ಕ್ಯಾಮೆರಾಕ್ಕೆ (ಫಿಲ್ಮಿನ ಬದಲು ಅರ್ಧ ಅಳತೆಯ ಗಾಜಿನ ಪ್ಲೇಟು ಬಳಸುವ, ಮಡಚಿ ಬಯಲಿಗೆ ಒಯ್ಯುವ ಕ್ಯಾಮೆರಾ) ಒಂದೆರಡು ನೂರು ಪೌಂಡ್ ಬಂದರೆ ಹೆಚ್ಚು.

ಯಾಕಿಷ್ಟು ಅಂತರ? 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ, ಕೊಲೋಡಿಯನ್ ಎಂಬ ಅಂಟುದ್ರವ ಬಳಿಯುವ ವಿಧಾನದಲ್ಲಿ ಗಾಜಿನ ಪ್ಲೇಟು ಒದ್ದೆಯಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಬಯಲಿಗೆ ಹೊರಟವರು ಕತ್ತಲೆ ಡೇರೆಯನ್ನೂ ಹೊರಬೇಕಿತ್ತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ಲೇಪದ ಒಣ ಪ್ಲೇಟಿಗೆ ದಾರಿ ತೋರಿದರು. ಆ ದಶಕ ಮುಗಿಯುವಷ್ಟರಲ್ಲಿ ಅದು ಅಂಗಡಿಗೇ ಬಂತು, ಹವ್ಯಾಸಿಗಳು ಹೆಚ್ಚಿದರು. ಲಂಡನ್ನಿನ ಜಾರ್ಜ್ ಹೇರ್ ಅವರ 1882ರ ಮಡಚುವ ವಿನ್ಯಾಸವನ್ನು ಅನೇಕರು ನಕಲು ಮಾಡಿದರು. ಬರ್ಮಿಂಗ್‌ಹ್ಯಾಮ್‌ನ ಲ್ಯಾಂಕಾಸ್ಟರ್, ಆಲ್ಟ್ರಿಂಕಮ್‌ನ ಥಾರ್ನ್‌ಟನ್-ಪಿಕಾರ್ಡ್ ಕಂಪನಿಗಳು ಅಪಾರ ಸಂಖ್ಯೆಯಲ್ಲಿ ತಯಾರಿಸಿದವು. ಅಂದು ಹೆಚ್ಚು ಮಾರಾಟವಾಗಿದ್ದರಿಂದಲೇ ಇಂದು ಅವು ಅಗ್ಗ.

ಆದ್ದರಿಂದ ಬೆಲೆ ಕಟ್ಟುವವರು ಮೊದಲು ಹುಡುಕುವುದು ತಯಾರಕರ ಪುಟ್ಟ ಫಲಕವನ್ನು. ಆಮೇಲೆ ಲೆನ್ಸ್. ಎಷ್ಟೋ ಸಲ ಭಾವಚಿತ್ರಗಳಿಗೆ ಹೆಸರಾದ ಒಳ್ಳೆಯ ಪೆಟ್ಜ್ವಾಲ್ ಲೆನ್ಸ್ ಇಡೀ ಮರಗೆಲಸಕ್ಕಿಂತ ದುಬಾರಿ. ಅದಕ್ಕೇ ಅನೇಕ ಕ್ಯಾಮೆರಾಗಳು ಲೆನ್ಸ್ ಕಳೆದುಕೊಂಡು, ಇಲ್ಲವೇ ಬೇರೆಯದರ ಲೆನ್ಸ್ ಹೊತ್ತು ಬರುತ್ತವೆ. ಲೆನ್ಸಿಗೂ ಹಿಂಬದಿಗೂ ನಡುವಿನ ಮಡಿಕೆಯ ತಿದಿಯೊಳಗೆ ದೀಪ ಹಿಡಿದರೆ ಬೆಳಕು ಸೋರುವ ಸೂಜಿರಂಧ್ರಗಳು ಕಾಣುತ್ತವೆ. ಹಿಂಬದಿಯ ಮಸುಕು ಗಾಜು ಒಡೆದಿದೆಯೇ, ಪ್ಲೇಟ್ ಹೋಲ್ಡರ್‌ಗಳು ಜೊತೆಗಿವೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ಹಿತ್ತಾಳೆ ಬೆಳಗಬೇಡಿ. ಅದರ ಮೇಲಿನ ಮೂಲ ಅರಗಿನ ಲೇಪ ಹೋದರೆ ಮರಳಿ ಬಾರದು, ಸಂಗ್ರಾಹಕರಿಗೆ ಬೇಕಾದದ್ದು ಅದೇ.

ಹರಾಜು ಸಂಸ್ಥೆ ಕ್ರಿಸ್ಟೀಸ್ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ 1975ರಲ್ಲಿ ತೆರೆದ ಮಳಿಗೆ ಕ್ಯಾಮೆರಾಗಳಿಗೆಂದೇ ಹರಾಜು ನಡೆಸಿ, ಇವಕ್ಕೊಂದು ಮಾರುಕಟ್ಟೆ ಬೆಳೆಸಿತು. ಇಂಟರ್‌ನೆಟ್ ಹರಾಜು ಬಂದ ಮೇಲೆ ಒಂದೇ ಮಾದರಿಯ ಹತ್ತಾರು ಕ್ಯಾಮೆರಾಗಳು ಒಟ್ಟಿಗೇ ಕಂಡವು. ಅಪರೂಪವೆಂಬ ಭ್ರಮೆ ಹರಿಯಿತು. ಹಾಗಾಗಿ ಮಾರುವವರು ಕೇಳಿದ ಬೆಲೆಯನ್ನು ನಂಬದೆ, ನಿಜಕ್ಕೂ ಮಾರಾಟವಾದ ಬೆಲೆಯನ್ನೇ ನೋಡಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಮಾತಿದೆ. ನೂರು ವರ್ಷ ದಾಟಿದ, ಗತಕಾಲದ ವಿಜ್ಞಾನ-ಕುಶಲಕಲೆಯನ್ನು ತೋರುವ ವಸ್ತುಗಳೂ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ವಿಯೆನ್ನಾದ ಬೆಲೆ ನೋಡಿ ಪಾರ್ಸೆಲ್ ಕಟ್ಟುವ ಮುನ್ನ ಪುರಾತತ್ವ ಇಲಾಖೆಯನ್ನು ವಿಚಾರಿಸಿ.

ನನಗಂತೂ ಹೆಚ್ಚು ಕಾಳಜಿಯಿರುವುದು ನೂರು ತುಂಬದ ನಮ್ಮದೇ ಕ್ಯಾಮೆರಾ ಬಗ್ಗೆ. ಕೇರಳದ ಆಲಪ್ಪುಳದಲ್ಲಿ ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದ ಮನೆತನದ ಕರುಣಾಕರನ್ 1940ರ ದಶಕದಲ್ಲಿ ತೇಗದಿಂದ ಕಟ್ಟಿದ ‘ವಾಗೀಶ್ವರಿ’ ಅದು. ಹಾರ್ಮೋನಿಯಂ ತಿದಿ ಬಲ್ಲ ಕೈಗಳೇ ಕ್ಯಾಮೆರಾದ ತಿದಿಯನ್ನೂ ಮಡಚಿದವು. ಊರಿನ ಹಳೆಯ ಸ್ಟುಡಿಯೋ ಮುಚ್ಚುವಾಗ ಆ ಹೆಸರಿನ ಫಲಕ ಕಂಡರೆ, ಲೆನ್ಸ್ ಬಿಚ್ಚಿ ಮಾರಲು ಬಿಡಬೇಡಿ.